‘ಸುಘಡ್’: ಒಂದು ಮನೆಮಾತಿನ ಚರಿತ್ರೆ



ಹೆಣ್ಣು ನೋಡಲು ಹೋಗಿ ಬಂದ ಹಿರಿಯರು ಮನೆಯಲ್ಲಿ ಕುಳಿತು ಮಾತನಾಡುವುದನ್ನು ನೀವೆಲ್ಲ ಕೇಳಿರುತ್ತೀರಿ. ಹುಡುಗನ ವಿಷಯ ಬಂದಾಗ ಕೇಳುವ ಪ್ರಶ್ನೆ ‘ಏನು ಮಾಡುತ್ತಾನೆ?’ ಹುಡುಗಿಯ ವಿಷಯ ಬಂದಾಗ ಕೇಳುವ ಪ್ರಶ್ನೆ ‘ಹೇಗಿದ್ದಾಳೆ?’ ಈ ಎರಡನೆಯ ಪ್ರಶ್ನೆಗೆ ಬಣ್ಣ, ಎತ್ತರಗಳ ವರ್ಣನೆಯೆಲ್ಲ ಮುಗಿದ ಮೇಲೆ ಕೊನೆಗೊಂದು ಮಾತು ಬರುತ್ತದೆ: ‘ಛೋಕ್ರಿ ಸುಗಡ್ ಹೈ.’ ಆ ಮಾತು ಬಂತೆಂದರೆ ಮಾತುಕತೆ ಅರ್ಧ ಮುಗಿದಂತೆಯೇ.

ಪುಸ್ತಕದ ಉರ್ದುವಿನಲ್ಲಿ ಈ ಪದ ‘ಸುಘಡ್’. ನಮ್ಮ ಕೆಜಿಎಫ್, ಬಂಗಾರಪೇಟೆ ಕಡೆಯ ದಖನಿ ಮಾತಿನಲ್ಲಿ ಮಹಾಪ್ರಾಣ ಸಡಿಲವಾಗುವುದರಿಂದ ಅದು ‘ಸುಗಡ್’ ಆಗಿದೆ. ಕನ್ನಡದ ಒಂದೇ ಪದದಲ್ಲಿ ಇದರ ಅರ್ಥ ಹೇಳುವುದು ಕಷ್ಟ. ಅಚ್ಚುಕಟ್ಟಾದವಳು, ಮನೆವಾರ್ತೆ ಬಲ್ಲವಳು, ಕೈಕೆಲಸದಲ್ಲಿ ಜಾಣೆ, ಇದ್ದುದರಲ್ಲೇ ತೂಗಿಸಿಕೊಂಡು ಹೋಗುವವಳು ಇವೆಲ್ಲವೂ ಅದರಲ್ಲಿ ಸೇರಿವೆ. ಇದಕ್ಕೆ ವಿರುದ್ಧವಾದ ಪದ ‘ಫೂಹಡ್’. ಅದನ್ನು ಬೈಗುಳವಾಗಿಯೇ ಬಳಸುತ್ತಾರೆ.

ಈ ಪದದ ಬಗ್ಗೆ ನಾನು ಯೋಚಿಸಲು ತೊಡಗಿದ್ದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ಪ್ರಗತಿ ಪತ್ರದಲ್ಲಿ ನಾನು ‘ಸುಘಡ್ ಔರ್ ಸಲೀಕಾಮಂದ್’ ಎಂದು ಷರಾ ಬರೆದೆ. ಹುಡುಗಿ ಅದಕ್ಕೆ ತಕ್ಕವಳೇ. ತಾಯಿಯ ಹೊಲಿಗೆ ಕೆಲಸದ ಲೆಕ್ಕವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಅವಳೇ ಬರೆದಿಡುತ್ತಿದ್ದಳು. ಯಾರಿಂದ ಎಷ್ಟು ಬಾಕಿ ಬರಬೇಕು, ಯಾವ ಬಟ್ಟೆಗೆ ಎಷ್ಟು ದಾರ ಹಿಡಿಯಿತು ಎಲ್ಲವೂ ಅದರಲ್ಲಿತ್ತು. ತರಗತಿಯಲ್ಲಿ ಹಿಂದೆ ಬಿದ್ದ ಇಬ್ಬರು ಹುಡುಗಿಯರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಆದರೆ ಪಿಯುಸಿಗೆ ಸೇರಲಿಲ್ಲ. ವಿಚಾರಿಸಲು ಮನೆಗೆ ಹೋದಾಗ ಹಿರಿಯರೊಬ್ಬರು ಅದೇ ಪ್ರಗತಿ ಪತ್ರವನ್ನು ತಂದು ನನ್ನ ಮುಂದಿಟ್ಟರು. ‘ನೀವೇ ಬರೆದಿದ್ದೀರಿ, ಸುಗಡ್ ಹೈ ಎಂದು. ಔರ್ ಪಡಾಕೊ ಕ್ಯಾ ಕರ್ನಾ?’

ಅವರು ಜಗಳಕ್ಕೆ ಬಂದವರಲ್ಲ. ಸಂತೋಷದಿಂದಲೇ ಹೇಳಿದರು. ನಾನು ಹೊಗಳಿಕೆ ಎಂದು ಬರೆದ ಮಾತು ಅವರಿಗೆ ‘ಕಲಿಕೆ ಮುಗಿಯಿತು’ ಎಂಬ ಸರ್ಟಿಫಿಕೇಟಾಗಿ ಕಂಡಿತ್ತು. ನಾನು ಉತ್ತರ ಹೇಳಲಾಗದೆ ಚಹಾ ಕುಡಿದು ಎದ್ದು ಬಂದೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಪ್ರಯತ್ನಿಸಿದ್ದೇನೆ.

ಪದ ಎಲ್ಲಿಂದ ಬಂತು?

‘ಸುಘಡ್’ ಅರಬಿಯೂ ಅಲ್ಲ, ಫಾರಸಿಯೂ ಅಲ್ಲ. ಅದು ಈ ನೆಲದ ಪದ. ಸಂಸ್ಕೃತದ ‘ಸು’ ಮತ್ತು ‘ಘಟ’ ಸೇರಿ ಪ್ರಾಕೃತದ ದಾರಿಯಲ್ಲಿ ಹಿಂದಿ, ಉರ್ದುಗಳಿಗೆ ಬಂದಿದೆ. ‘ಘಟ್’ ಎಂಬ ಧಾತುವಿಗೆ ಹೊಂದಿಸು, ಕೂಡಿಸು, ರೂಪಿಸು ಎಂಬ ಅರ್ಥಗಳಿವೆ. ಕನ್ನಡದಲ್ಲಿ ನಾವು ದಿನವೂ ಬಳಸುವ ಘಟಕ, ಘಟನೆ, ಸಂಘಟನೆ ಎಂಬ ಪದಗಳ ಬೇರು ಇದೇ. ಅಂದರೆ ಸಂಘಟನೆ ನಡೆಸುವವರು ಯಾವ ಕೆಲಸ ಮಾಡುತ್ತಾರೋ ಅದರ ಹೆಸರಿಗೂ ಮನೆ ನಡೆಸುವ ಹೆಣ್ಣುಮಗಳನ್ನು ಹೊಗಳುವ ಪದಕ್ಕೂ ಮೂಲ ಒಂದೇ. ನಮ್ಮ ಸಂಸ್ಥೆಯ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ವಿನಂತಿ.

ಅಕ್ಕಸಾಲಿಗನು ಬಡಿದು ಒಡವೆ ರೂಪಿಸುವುದಕ್ಕೆ ಉರ್ದುವಿನಲ್ಲಿ ‘ಘಡ್ನಾ’ ಎನ್ನುತ್ತಾರೆ. ಅದೂ ಇದೇ ಬಳಗದ ಪದ. ಹೀಗೆ ‘ಸುಘಡ್’ ಎಂದರೆ ಮೂಲದಲ್ಲಿ ‘ಚೆನ್ನಾಗಿ ರೂಪಿಸಲ್ಪಟ್ಟದ್ದು’. ಒಳ್ಳೆಯ ಕುಶಲಕರ್ಮಿಯ ಕೈಯಿಂದ ಬಂದ ವಸ್ತುವಿಗೂ, ಜಾಣ ಮನುಷ್ಯನಿಗೂ ಅದು ಸಲ್ಲುತ್ತಿತ್ತು.

ಇಲ್ಲಿ ವ್ಯಾಕರಣದ ಒಂದು ಅಂಶವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಉರ್ದುವಿನಲ್ಲಿ ‘ಅಚ್ಛಾ ಲಡ್ಕಾ’ ಎನ್ನುತ್ತೇವೆ, ‘ಅಚ್ಛೀ ಲಡ್ಕೀ’ ಎನ್ನುತ್ತೇವೆ. ಲಿಂಗಕ್ಕೆ ತಕ್ಕಂತೆ ವಿಶೇಷಣ ಬದಲಾಗುತ್ತದೆ. ಆದರೆ ‘ಸುಘಡ್’ ವ್ಯಂಜನದಲ್ಲಿ ಕೊನೆಗೊಳ್ಳುವ ಪದವಾದ್ದರಿಂದ ಬದಲಾಗುವುದಿಲ್ಲ. ‘ಸುಘಡ್ ಲಡ್ಕೀ’ ಎಷ್ಟು ಸರಿಯೋ ‘ಸುಘಡ್ ಲಡ್ಕಾ’ ಅಷ್ಟೇ ಸರಿ. ವ್ಯಾಕರಣ ಗಂಡುಮಕ್ಕಳನ್ನು ಹೊರಗಿಟ್ಟಿಲ್ಲ. ಹೊರಗಿಟ್ಟವರು ನಾವು.

ಇದರ ಜೊತೆಗೆ ಬರುವ ಇನ್ನೆರಡು ಪದಗಳನ್ನೂ ನೋಡೋಣ. ‘ನಿಸ್ವಾನಿಯತ್’ ಎಂಬುದು ‘ನಿಸ್ವಾನ್’, ಅಂದರೆ ಹೆಂಗಸರು ಎಂಬ ಅರಬಿ ಪದದಿಂದ ಬಂದದ್ದು. ಕನ್ನಡದ ‘ಹೆಣ್ತನ’ಕ್ಕೆ ಅದು ಸಮ. ‘ಸಲೀಕಾ’ ಕೂಡ ಅರಬಿ ಪದವೇ. ನಮ್ಮ ದಖನಿಯಲ್ಲಿ ಅದನ್ನು ‘ಸಲೀಖಾ’ ಎನ್ನುತ್ತೇವೆ. ಮೂಲದಲ್ಲಿ ಅದರ ಅರ್ಥ ಹುಟ್ಟುಗುಣ, ಸಹಜ ಸ್ವಭಾವ. ಇವೆರಡೂ ಹುಟ್ಟಿನಿಂದ ಬರುವ ಗುಣಗಳನ್ನು ಹೇಳುತ್ತವೆ. ‘ಸುಘಡ್’ ಹಾಗಲ್ಲ. ಒಡವೆ ತಾನಾಗಿಯೇ ಒಡವೆಯಾಗುವುದಿಲ್ಲ, ಅದನ್ನು ಯಾರಾದರೂ ರೂಪಿಸಬೇಕು. ಸುಘಡ್ ಆದವಳು ಕಲಿತು ಆದವಳು. ಕಲಿಕೆಯಿಂದ ಬಂದ ಗುಣವನ್ನೇ ಕಲಿಕೆ ನಿಲ್ಲಿಸಲು ಕಾರಣವಾಗಿ ಹೇಳುವುದು ಎಷ್ಟು ಸರಿ?

1869ರ ಒಂದು ಕನ್ನಡಿ

ಈ ಪದ ಹೆಣ್ಣುಮಕ್ಕಳ ಪದವಾಗಿ ಮನೆಮನೆಗೆ ಹೋದದ್ದರಲ್ಲಿ ಒಂದು ಪುಸ್ತಕದ ಪಾತ್ರ ದೊಡ್ಡದು. ಅದು ಡೆಪ್ಯುಟಿ ನಝೀರ್ ಅಹ್ಮದರ ‘ಮಿರಾತುಲ್ ಉರೂಸ್’. ಹೆಸರಿನ ಅರ್ಥ ‘ಮದುಮಗಳ ಕನ್ನಡಿ’. ಪ್ರಕಟವಾದದ್ದು 1869ರಲ್ಲಿ. ಉರ್ದುವಿನ ಮೊದಲ ಕಾದಂಬರಿ ಎಂದು ಇದನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ಶಾಲಾ ಇನ್ಸ್‌ಪೆಕ್ಟರಾಗಿಯೂ ಕೆಲಸ ಮಾಡಿದ್ದ ನಝೀರ್ ಅಹ್ಮದರು ತಮ್ಮ ಹೆಣ್ಣುಮಕ್ಕಳಿಗೆ ಓದಲು ತಕ್ಕ ಪುಸ್ತಕ ಸಿಗದೆ ತಾವೇ ಬರೆಯಲು ಕುಳಿತರು. 1868ರಲ್ಲಿ ಅಲಹಾಬಾದಿನ ಸರ್ಕಾರ ಉಪಯುಕ್ತ ಪುಸ್ತಕಗಳಿಗೆ ಬಹುಮಾನ ಘೋಷಿಸಿತ್ತು. ಇವರ ಪುಸ್ತಕಕ್ಕೆ 1000 ರೂಪಾಯಿ ಬಹುಮಾನ ಬಂತು. ಲೆಫ್ಟಿನೆಂಟ್ ಗವರ್ನರ್ ಸರ್ ವಿಲಿಯಂ ಮ್ಯೂರ್ ತಮ್ಮ ಕಡೆಯಿಂದ ಒಂದು ಗಡಿಯಾರವನ್ನೂ ಕೊಟ್ಟರು. ಸುಮಾರು 20 ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು.

ಕಥೆ ದೆಹಲಿಯ ಇಬ್ಬರು ಅಕ್ಕತಂಗಿಯರದು. ಅಕ್ಕ ಅಕ್ಬರಿ, ತಂಗಿ ಅಸ್ಗರಿ. ಇಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗುತ್ತಾರೆ. ಅಕ್ಬರಿ ಮುದ್ದಿನಿಂದ ಕೆಟ್ಟವಳು, ಜಗಳಗಂಟಿ. ಹಜ್ಜನ್ ಎಂದು ಹೇಳಿಕೊಂಡು ಬಂದ ಒಬ್ಬ ಮೋಸಗಾರ್ತಿಯನ್ನು ನಂಬಿ ಒಡವೆಗಳನ್ನೆಲ್ಲ ಕಳೆದುಕೊಳ್ಳುತ್ತಾಳೆ. ಅಸ್ಗರಿ ಸುಘಡ್. ಅತ್ತೆಮನೆಯಲ್ಲಿ ಅವಳಿಗೆ ‘ತಮೀಝ್‌ದಾರ್ ಬಹೂ’ ಎಂಬ ಹೆಸರೇ ಬರುತ್ತದೆ. ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಈ ಅಕ್ಕತಂಗಿಯರ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಂದಿಗೂ ಕೆಲವು ಮನೆಗಳಲ್ಲಿ ‘ಅಕ್ಬರಿ ಕೀ ತರಾ ಮತ್ ಕರ್’ ಎಂದು ಗದರಿಸುತ್ತಾರೆ.

ಆದರೆ ಅಸ್ಗರಿ ನಿಜವಾಗಿ ಏನು ಮಾಡಿದಳು ಎಂಬುದನ್ನು ನಾವು ಮರೆತಿದ್ದೇವೆ. ಅವಳು ಗುಡಿಸಿ ಸಾರಿಸಿದ್ದಕ್ಕೆ ಸುಘಡ್ ಎನಿಸಿಕೊಂಡವಳಲ್ಲ. ಅತ್ತೆಮನೆಯಲ್ಲಿ ಮಾಮಾ ಅಝ್‌ಮತ್ ಎಂಬ ಹಳೆಯ ಕೆಲಸದಾಕೆ ಅಂಗಡಿಗಳಲ್ಲಿ ಸಾಲ ಹೇಳಿ, ಬೆಲೆ ಹೆಚ್ಚು ತೋರಿಸಿ ಮನೆಯನ್ನೇ ದೋಚುತ್ತಿದ್ದಳು. ಅಸ್ಗರಿ ಪೇಟೆಯ ಬೆಲೆಗಳನ್ನು ತಿಳಿದುಕೊಂಡು, ಸಾಲಗಾರರ ಲೆಕ್ಕ ತಾಳೆ ನೋಡಿ, ಲಾಹೋರಿನಲ್ಲಿ ಕೆಲಸದಲ್ಲಿದ್ದ ಮಾವ ಮನೆಗೆ ಬಂದಾಗ ಎಲ್ಲವನ್ನೂ ಅವರೆದುರು ಬಯಲು ಮಾಡುತ್ತಾಳೆ. ಅಂದರೆ ಅವಳು ಮಾಡಿದ್ದು ಇಂದಿನ ಮಾತಿನಲ್ಲಿ ಹೇಳುವುದಾದರೆ ಆಡಿಟ್. ಓದು ಬರಹ ಬಾರದಿದ್ದರೆ ಅದು ಸಾಧ್ಯವಿರಲಿಲ್ಲ. ಗಂಡನನ್ನು ಓದಿಗೂ ಉದ್ಯೋಗಕ್ಕೂ ಹಚ್ಚುತ್ತಾಳೆ. ಸಿಯಾಲ್‌ಕೋಟಿಗೆ ಹೋದ ಗಂಡ ದಾರಿ ತಪ್ಪುತ್ತಿದ್ದಾನೆಂದು ತಿಳಿದಾಗ ತಾನೇ ಅಲ್ಲಿಗೆ ಪ್ರಯಾಣ ಮಾಡುತ್ತಾಳೆ. ಮನೆಯಲ್ಲೇ ಮೊಹಲ್ಲಾದ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಾಳೆ. 1872ರಲ್ಲಿ ಬಂದ ಮುಂದಿನ ಪುಸ್ತಕ ‘ಬನಾತುನ್ ನಾಶ್’ ಪೂರ್ತಿ ಆ ಶಾಲೆಯದೇ ಕಥೆ.

ಪುಸ್ತಕದಲ್ಲಿ ಲೋಪಗಳಿಲ್ಲವೆಂದಲ್ಲ. ಅಕ್ಬರಿಗೆ ಲೇಖಕರು ಎಲ್ಲಿಯೂ ಕರುಣೆ ತೋರುವುದಿಲ್ಲ. ಅವಳನ್ನು ಮುದ್ದು ಮಾಡಿ ಕೆಡಿಸಿದವರು ಹಿರಿಯರಾದರೂ ನಗೆಪಾಟಲಾಗುವವಳು ಅವಳೊಬ್ಬಳೇ. ಗಂಡಂದಿರ ಅಳತೆಗೆ ಇಂಥ ಕನ್ನಡಿಯೂ ಇಲ್ಲ. ಆದರೂ 1869ರ ಸುಘಡ್ ಎಂಬ ಪದದ ಒಳಗೆ ಲೆಕ್ಕ, ಪತ್ರ ವ್ಯವಹಾರ, ಪೇಟೆಯ ತಿಳಿವಳಿಕೆ, ಪ್ರಯಾಣ, ಪಾಠ ಹೇಳುವುದು ಎಲ್ಲವೂ ಇತ್ತು ಎಂಬುದು ಸ್ಪಷ್ಟ.

ಮುಂದೆಯೂ ಹಾಗೆಯೇ. 1874ರಲ್ಲಿ ಮೌಲಾನಾ ಹಾಲಿಯವರು ‘ಮಜಾಲಿಸುನ್ ನಿಸಾ’ ಬರೆದರು. 1898ರಲ್ಲಿ ಲಾಹೋರಿನಿಂದ ‘ತಹಝೀಬೆ ನಿಸ್ವಾನ್’ ವಾರಪತ್ರಿಕೆ ಹೊರಟಿತು. ಅದರ ಸಂಪಾದಕಿ ಮುಹಮ್ಮದಿ ಬೇಗಂ, ಉರ್ದು ಪತ್ರಿಕೆಯೊಂದನ್ನು ಸಂಪಾದಿಸಿದ ಮೊದಲ ಮಹಿಳೆಯರಲ್ಲಿ ಒಬ್ಬರು. ‘ಸುಘಡ್ ಬೇಟಿ’ ಎಂಬ ಹೆಸರಿನ ಪುಸ್ತಕವನ್ನೂ ಅವರು ಬರೆದರು. ಮನೆವಾರ್ತೆ ಹೇಳಿಕೊಡುತ್ತಲೇ ಪತ್ರಿಕೆಯೊಂದನ್ನು ನಡೆಸಿದ ಸುಘಡ್ ಅವರು. ಮೌಲಾನಾ ಅಶ್ರಫ್ ಅಲಿ ಥಾನವಿಯವರ ‘ಬಿಹಿಷ್ತಿ ಝೇವರ್’ ನಮ್ಮ ಅನೇಕ ಮನೆಗಳಲ್ಲಿ ಮದುಮಗಳ ಪೆಟ್ಟಿಗೆಯೊಂದಿಗೆ ಬಂದಿದೆ. ಅದರಲ್ಲೂ ಮಸಲೆಗಳ ಜೊತೆಗೆ ಅಕ್ಷರಮಾಲೆ, ಪತ್ರ ಬರೆಯುವ ಕ್ರಮ, ಮನೆಗೆ ಬೇಕಾದ ವಸ್ತುಗಳನ್ನು ತಯಾರಿಸುವ ವಿಧಾನಗಳು ಇವೆ.

ಅದೇ ಕಾಲದಲ್ಲಿ ಬಂಗಾಳದಲ್ಲಿ ರುಕಿಯಾ ಸಖಾವತ್ ಹುಸೇನರು ‘ಸುಗೃಹಿಣಿ’ ಎಂಬ ಪ್ರಬಂಧ ಬರೆದರು. ಅವರ ವಾದ ಸರಳ. ಒಳ್ಳೆಯ ಗೃಹಿಣಿಯಾಗಬೇಕೆನ್ನುತ್ತೀರಿ, ಒಪ್ಪಿದೆ. ಅಡುಗೆಗೆ ರಸಾಯನಶಾಸ್ತ್ರ ಬೇಕು, ಕೈತೋಟಕ್ಕೆ ತೋಟಗಾರಿಕೆಯ ತಿಳಿವಳಿಕೆ ಬೇಕು, ಮನೆಯ ರೋಗಿಗಳಿಗೆ ವೈದ್ಯದ ಅರಿವು ಬೇಕು. ಹಾಗಾದರೆ ಓದಿಸದೆ ಸುಗೃಹಿಣಿ ಎಲ್ಲಿಂದ ಬರುತ್ತಾಳೆ? 1911ರಲ್ಲಿ ಅವರು ಕಲ್ಕತ್ತೆಯಲ್ಲಿ ಎಂಟು ಹೆಣ್ಣುಮಕ್ಕಳೊಂದಿಗೆ ಆರಂಭಿಸಿದ ಶಾಲೆ ಇಂದಿಗೂ ನಡೆಯುತ್ತಿದೆ.

ಕನ್ನಡದ ಕಡೆಯಿಂದ ನೋಡಿದರೆ

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಒಂದು ಭಾಷೆಯ ಪದವನ್ನು ಇನ್ನೊಂದು ಭಾಷೆಯ ತಕ್ಕಡಿಯಲ್ಲಿ ತೂಗಿ ನೋಡುವುದು ಅಭ್ಯಾಸ. ಕನ್ನಡದಲ್ಲಿ ಈ ಗುಣದ ಸುತ್ತ ಗರತಿ, ಗುಣವಂತೆ, ಸುಶೀಲೆ, ಹದಿಬದೆ ಎಂಬ ಹಲವು ಪದಗಳಿವೆ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (ಆಳ್ವಿಕೆ 1673 - 1704) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಕಾವ್ಯ ಬರೆದಳು. ಹದಿಬದೆ ಎಂದರೆ ಪತಿವ್ರತೆ. ಹೆಂಡತಿಯ ಕರ್ತವ್ಯಗಳನ್ನು ಹೇಳುವ ಕಾವ್ಯ ಅದು. ಆದರೆ ಅದೇ ಕಾವ್ಯದಲ್ಲಿ ಹೊನ್ನಮ್ಮ ಒಂದು ಪ್ರಶ್ನೆ ಎತ್ತುತ್ತಾಳೆ: ನಮ್ಮನ್ನು ಹೆತ್ತವಳು, ಪೊರೆದವಳು ಹೆಣ್ಣೇ ಆಗಿರುವಾಗ ಹೆಣ್ಣೆಂದು ಏಕೆ ಹಳಿಯುತ್ತೀರಿ? ಕರ್ತವ್ಯ ಕಲಿಸುವ ಪುಸ್ತಕದ ಒಳಗೇ ಗೌರವದ ಹಕ್ಕನ್ನೂ ಕೇಳಿದವಳು ಅವಳು.

20ನೇ ಶತಮಾನದ ಆರಂಭಕ್ಕೆ ಬಂದರೆ ನಂಜನಗೂಡು ತಿರುಮಲಾಂಬ (1887 - 1982). ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಅವರು 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದರು. ಅವರ ಮೊದಲ ಕಾದಂಬರಿಯ ಹೆಸರೇ ‘ಸುಶೀಲೆ’. ಲಾಹೋರಿನ ಮುಹಮ್ಮದಿ ಬೇಗಂ ಮತ್ತು ನಂಜನಗೂಡಿನ ತಿರುಮಲಾಂಬ ಬೇರೆ ಬೇರೆ ಭಾಷೆ, ಬೇರೆ ಬೇರೆ ಧರ್ಮದವರು. ಆದರೂ ಇಬ್ಬರೂ ಮಾಡಿದ್ದು ಒಂದೇ ಕೆಲಸ. ಒಳ್ಳೆಯ ಹೆಣ್ಣಿನ ಗುಣಗಳನ್ನು ಬರೆಯುತ್ತ ಬರೆಯುತ್ತ ತಾವು ಲೇಖಕಿಯರಾದರು, ಸಂಪಾದಕಿಯರಾದರು, ಪ್ರಕಾಶಕಿಯರಾದರು.

ನನ್ನನ್ನು ಕೇಳಿದರೆ ಸುಘಡ್‌ಗೆ ಹತ್ತಿರದ ಕನ್ನಡ ಪದ ‘ಅಚ್ಚುಕಟ್ಟು’. ಕೋಲಾರ ಜಿಲ್ಲೆಯ ರೈತರಿಗೆ ಈ ಪದದ ಇನ್ನೊಂದು ಅರ್ಥವೂ ಗೊತ್ತು. ಒಂದು ಕೆರೆಯ ನೀರು ಎಷ್ಟು ಜಮೀನಿಗೆ ಹರಿಯುತ್ತದೋ ಅದು ಆ ಕೆರೆಯ ಅಚ್ಚುಕಟ್ಟು. ಕೆರೆಗಳನ್ನೇ ನಂಬಿದ ನಮ್ಮ ಜಿಲ್ಲೆಯಲ್ಲಿ ಏರಿ ಎಷ್ಟು ನೀಟಾಗಿದೆ ಎಂದು ಕೆರೆಯನ್ನು ಅಳೆಯುವುದಿಲ್ಲ. ಎಷ್ಟು ಹೊಲಕ್ಕೆ ನೀರು ಮುಟ್ಟಿತು ಎಂದು ಅಳೆಯುತ್ತಾರೆ. ಹೆಣ್ಣುಮಗಳ ಅಚ್ಚುಕಟ್ಟನ್ನೂ ಹೀಗೆಯೇ ಅಳೆದರೆ ತಪ್ಪೇನು?

ಚಿನ್ನದ ಊರಿನ ಮನೆಗಳು

ಈಗ ನಮ್ಮ ಊರಿಗೆ ಬರೋಣ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಕೋಲಾರದ ಗಣಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗಳಿಗೆ ವಿದ್ಯುತ್ ತಂದರು. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 120 ವರ್ಷಗಳಲ್ಲಿ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು ಎಂದು ಲೆಕ್ಕ. ಇವೆಲ್ಲ ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಗಣಿಯ ಮೇಲಿನ ಮನೆಗಳಲ್ಲಿ ನಡೆದ ದುಡಿಮೆ ಯಾವ ಪಾಠದಲ್ಲೂ ಇಲ್ಲ.

1952ರ ಗಣಿ ಕಾಯಿದೆಯ 46ನೇ ಕಲಮಿನ ಪ್ರಕಾರ ಹೆಂಗಸರು ನೆಲದಡಿಯ ಗಣಿಯಲ್ಲಿ ಕೆಲಸ ಮಾಡುವಂತಿರಲಿಲ್ಲ. ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸಗಳಿಗೆ ಹಗಲು ಹೊತ್ತಿನಲ್ಲಿ ಅವಕಾಶ ಸಿಕ್ಕಿದ್ದು 2019ರಲ್ಲಿ. ಅಷ್ಟರಲ್ಲಿ ಕೋಲಾರದ ಗಣಿ ಮುಚ್ಚಿ 18 ವರ್ಷಗಳಾಗಿದ್ದವು. ಹೀಗಾಗಿ ಕೆಳಗಿನ ಕೂಲಿ ಗಂಡಸಿನದು, ಆ ಕೂಲಿಯನ್ನು ತಿಂಗಳ ಕೊನೆಯವರೆಗೆ ಎಳೆಯುವ ಲೆಕ್ಕ ಹೆಂಗಸಿನದು. ಆಳದಲ್ಲಿ ಬಂಡೆ ಸಿಡಿದಾಗ ಮೇಲೆ ನೆಲ ನಡುಗುತ್ತಿತ್ತು. ಪಾಳಿಯಿಂದ ಯಾರು ಮರಳುತ್ತಾರೆ, ಯಾರು ಮರಳುವುದಿಲ್ಲ ಎಂದು ಕಾಯುವುದೂ ಹೆಂಗಸಿನ ಪಾಲಿನದೇ. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ತಂದುಕೊಂಡ ಗಂಡಸರ ಆರೈಕೆಯೂ ಅವಳದೇ.

ಇನ್ನು ಧೂಳಿನ ವಿಷಯ. ಅದಿರನ್ನು ಪುಡಿ ಮಾಡಿ, ಸಯನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ದಶಕಗಳ ಕಾಲ ರಾಶಿ ಬಿದ್ದು ಗುಡ್ಡಗಳಾಗಿವೆ. ನಾವು ಅವನ್ನು ಸಯನೈಡ್ ದಿಬ್ಬ ಎನ್ನುತ್ತೇವೆ. ಆಷಾಢದ ಗಾಳಿ ಎದ್ದಿತೆಂದರೆ ಆ ನಯವಾದ ಪುಡಿ ಕಿಟಕಿ, ಬಾಗಿಲು, ಹೆಂಚಿನ ಸಂದು ಎಲ್ಲೆಡೆಯಿಂದ ಒಳಗೆ ಬರುತ್ತದೆ. ಬೆಳಿಗ್ಗೆ ಗುಡಿಸಿದ ಮನೆ ಮಧ್ಯಾಹ್ನಕ್ಕೆ ಮತ್ತೆ ಬೂದು. ಒಣಗಲು ಹಾಕಿದ ಬಟ್ಟೆ, ಮುಚ್ಚಿಟ್ಟ ಅನ್ನ ಯಾವುದನ್ನೂ ಅದು ಬಿಡುವುದಿಲ್ಲ. ಅಂಥ ದಿನ ಮನೆಗೆ ಬಂದ ನೆಂಟರು ಕಿಟಕಿಯ ದಂಡೆಯ ಮೇಲೆ ಬೆರಳು ಎಳೆದು ನೋಡಿ ಸೊಸೆಯನ್ನು ಫೂಹಡ್ ಎಂದರೆ, ಆ ಧೂಳು ಎಲ್ಲಿಯದು ಎಂದು ಯಾರು ಕೇಳುತ್ತಾರೆ? ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಒಂದು ಉದ್ಯಮ ಬಿಟ್ಟುಹೋದ ಕಸಕ್ಕೆ ಪೊರಕೆ ಹಿಡಿದವಳು ಉತ್ತರ ಹೇಳಬೇಕಾಗಿದೆ. ಇಲ್ಲಿ ‘ಸುಘಡ್’ ಎಂಬ ಅಳತೆಗೋಲು ನ್ಯಾಯವಾಗಿ ಕೆಲಸ ಮಾಡುವುದಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯ ಕೂಲಿಯನ್ನೂ ಅದರ ವ್ಯಾಪಾರವನ್ನೂ ನಂಬಿದ್ದ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳ ಅಂಗಡಿಗಳವರೆಗೆ ಆ ಪೆಟ್ಟು ತಟ್ಟಿತು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ ಸ್ಟೇಷನ್ನುಗಳಲ್ಲಿ ಬೆಳಗಿನ ಜಾವ ಬೆಂಗಳೂರಿನ ರೈಲಿಗೆ ಕಾಯುವವರ ಸಾಲಿನಲ್ಲಿ ಹೆಣ್ಣುಮಕ್ಕಳೂ ಸೇರಿದರು. ಗಾರ್ಮೆಂಟ್ಸ್, ಆಸ್ಪತ್ರೆ, ಅಂಗಡಿ, ಆಫೀಸು ಹೀಗೆ ಹಲವು ಕೆಲಸಗಳಿಗೆ ಹೋಗಿ ರಾತ್ರಿ ಮರಳುತ್ತಾರೆ. ನಾಲ್ಕು ಗಂಟೆಗೆ ಎದ್ದು ಡಬ್ಬಿ ಕಟ್ಟಿ, ಮಕ್ಕಳ ಯೂನಿಫಾರ್ಮ್ ತೆಗೆದಿಟ್ಟು, ಬಂಗಾರಪೇಟೆ ದಾಟುವ ಹೊತ್ತಿಗೆ ತಿಂಗಳ ಚೀಟಿಯ ಲೆಕ್ಕ ಮುಗಿಸುವ ಆ ತಾಯಿಯನ್ನು ನೋಡಿ. ಅವಳ ಮನೆಯ ಪಾತ್ರೆ ಹೊಳೆಯದಿರಬಹುದು. ಅಸ್ಗರಿ ಇದ್ದಿದ್ದರೆ ಯಾರನ್ನು ಸುಘಡ್ ಎಂದು ಕರೆಯುತ್ತಿದ್ದಳು?

ಮಾತು ಕಿರಿದಾದದ್ದು

ಈ ಚರಿತ್ರೆಯಿಂದ ತಿಳಿಯುವುದೇನು? ಪದ ಹುಟ್ಟಿದಾಗ ಅದು ಗಂಡು ಹೆಣ್ಣು ಇಬ್ಬರದೂ ಆಗಿತ್ತು. ಬರಬರುತ್ತ ಹೆಣ್ಣಿಗೆ ಮೀಸಲಾಯಿತು. ಆಗಲೂ ಅದರಲ್ಲಿ ಬುದ್ಧಿ, ಲೆಕ್ಕ, ಓದು, ಧೈರ್ಯ ಇದ್ದವು. ಒಂದೊಂದಾಗಿ ಅವೂ ಉದುರಿ ಕೊನೆಗೆ ಉಳಿದದ್ದು ಮೂರು: ಚೊಕ್ಕಟವಾದ ಮನೆ, ದುಂಡಗಿನ ರೊಟ್ಟಿ, ಎದುರು ಮಾತನಾಡದ ಬಾಯಿ. ಈ ಮೂರನೆಯದು ಹಳೆಯ ಅರ್ಥದಲ್ಲಿ ಇರಲೇ ಇಲ್ಲ. ಮಾಮಾ ಅಝ್‌ಮತಳ ವಿಷಯದಲ್ಲಿ ಅಸ್ಗರಿ ಬಾಯಿ ಮುಚ್ಚಿಕೊಂಡಿದ್ದರೆ ಆ ಮನೆ ಉಳಿಯುತ್ತಿತ್ತೇ?

ಗಂಡುಮಕ್ಕಳಿಗೆ ಮನೆಗೆಲಸ ತಕ್ಕದ್ದಲ್ಲ ಎನ್ನುವವರು ನಮ್ಮಲ್ಲಿದ್ದಾರೆ. ಅವರಿಗೆ ಒಂದು ಹದೀಸನ್ನು ನೆನಪಿಸಬಯಸುತ್ತೇನೆ. ಪ್ರವಾದಿಯವರು (ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಹಝ್ರತ್ ಆಯಿಷಾ (ರ) ಅವರು, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂಬ ಅರ್ಥದಲ್ಲಿ ಉತ್ತರಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ತಮ್ಮ ಬಟ್ಟೆ, ಪಾದರಕ್ಷೆಗಳನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದೂ ವರದಿಯಾಗಿದೆ. ‘ಸುಘಡ್ ಲಡ್ಕಾ’ ಎಂಬ ಮಾತು ವ್ಯಾಕರಣಕ್ಕೂ ಸರಿ, ಸುನ್ನತಿಗೂ ಸರಿ.

ನಮ್ಮ ಕಡೆಯಿಂದ ಏನಾಗಬಹುದು?

ಮೊದಲನೆಯದಾಗಿ ಶಿಕ್ಷಕರು. ನಾನು ಈಗ ಪ್ರಗತಿ ಪತ್ರದಲ್ಲಿ ಬರೀ ‘ಸುಘಡ್’ ಎಂದು ಬರೆದು ನಿಲ್ಲಿಸುವುದಿಲ್ಲ. ಏನು ಬಲ್ಲಳು ಎಂಬುದನ್ನು ಬರೆಯುತ್ತೇನೆ: ‘ಲೆಕ್ಕ ಚೆನ್ನಾಗಿ ಬರೆಯುತ್ತಾಳೆ. ಇತರರಿಗೆ ಪಾಠ ಹೇಳಿಕೊಡಬಲ್ಲಳು. ವಾಣಿಜ್ಯ ವಿಭಾಗಕ್ಕೆ ಸೇರಿಸಿ.’ ಇದನ್ನು ಓದಿದವರು ‘ಇನ್ನು ಓದಿಸಿ ಏನು ಮಾಡುವುದು’ ಎನ್ನಲಾರರು. ಪೀರಿಯಡ್ ಮುಗಿದ ಮೇಲೆ ತರಗತಿಯ ಬೆಂಚುಗಳನ್ನು ಸರಿಪಡಿಸಿದ ಹುಡುಗನ ಪತ್ರದಲ್ಲಿ ‘ಸುಘಡ್’ ಎಂಬ ಪದವನ್ನೂ ಬರೆದಿದ್ದೇನೆ. ಮೊದಲ ಸಲ ಅವನ ಗೆಳೆಯರು ನಕ್ಕರು. ಎರಡನೆಯ ಸಲ ನಗಲಿಲ್ಲ.

ಎರಡನೆಯದಾಗಿ ಸಂಸ್ಥೆಯ ಸದಸ್ಯರು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಹೆಣ್ಣುಮಗಳ ಮನೆಗೆ ವಿಚಾರಿಸಲು ಹೋದಾಗ ‘ಹುಡುಗಿ ಹೇಗೆ?’ ಎಂದು ಕೇಳುವುದರ ಜೊತೆಗೆ ‘ಮುಂದೆ ಏನು ಮಾಡಬೇಕೆಂದಿದ್ದಾಳೆ?’ ಎಂದೂ ಕೇಳಿ. ಉತ್ತರವನ್ನು ಹಿರಿಯರಿಂದಲ್ಲ, ಅವಳ ಬಾಯಿಂದಲೇ ಕೇಳಿ.

ಮೂರನೆಯದಾಗಿ ವಿದ್ಯಾರ್ಥಿಗಳೇ, ನೀವು. ಇಂದು ಸಂಜೆ ಮನೆಗೆ ಹೋಗಿ ನಿಮ್ಮ ತಾಯಿಯೋ ಅಜ್ಜಿಯೋ ಒಂದು ದಿನದಲ್ಲಿ ಎಷ್ಟು ಲೆಕ್ಕಗಳನ್ನು ತಲೆಯಲ್ಲೇ ಮಾಡುತ್ತಾರೆ ಎಂದು ಪಟ್ಟಿ ಮಾಡಿ. ಹಾಲು, ಗ್ಯಾಸು, ನಲ್ಲಿ ಬಿಡುವ ದಿನ, ಫೀಸು, ಚೀಟಿ, ಮದುವೆ ಮನೆಯ ಮುಯ್ಯಿ. ಪಟ್ಟಿ ಮುಗಿದಾಗ ಈ ಪದದ ಪೂರ್ತಿ ಅರ್ಥ ನಿಮ್ಮ ಮುಂದಿರುತ್ತದೆ.

ನಾನು ಮೊದಲು ಹೇಳಿದ ಹುಡುಗಿ ಕಾಲೇಜಿಗೆ ಮರಳಲಿಲ್ಲ. ಅವಳಿಗೆ ಮದುವೆಯಾಗಿ ಈಗ ಒಂದು ಮಗುವಿದೆ. ಕಳೆದ ವರ್ಷ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕಿದ್ದಳು. ಚೆನ್ನಾಗಿದ್ದೇನೆ ಎಂದಳು. ಮುಕ್ತ ವಿಶ್ವವಿದ್ಯಾಲಯದ ಬಗ್ಗೆ, ಅದಕ್ಕೆ ಪಿಯುಸಿ ಬೇಕೇ ಎಂಬ ಬಗ್ಗೆ ನನ್ನನ್ನು ವಿಚಾರಿಸಿದಳು. ಫೀಸು ಎಷ್ಟು, ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳುವಾಗ ಆಗಲೇ ಮನಸ್ಸಿನಲ್ಲಿ ಕೂಡಿ ಕಳೆಯುತ್ತಿದ್ದಳು. ರೈಲು ಬಂತು, ಮಾತು ಅರ್ಧಕ್ಕೆ ನಿಂತಿತು. ಖಾಸಗಿಯಾಗಿ ಪಿಯುಸಿ ಪರೀಕ್ಷೆಗೆ ಕೂರುವ ಕ್ರಮವನ್ನು ಕಾಗದದಲ್ಲಿ ಬರೆದು ಅವಳ ಮನೆಗೆ ಕಳಿಸಿದ್ದೇನೆ. ಈ ಸಲ ಅದರಲ್ಲಿ ಷರಾ ಏನೂ ಬರೆಯಲಿಲ್ಲ.

ವಸ್ಸಲಾಮ್.